ಶುಕ್ರವಾರ ರಾತ್ರಿ, ಎದುರು ದಿಕ್ಕಿಗೆ

ಶನಿವಾರ ಬೆಳಕು ಹರಿಯುವ ಹೊತ್ತಿಗೆ ಸಾಗರದ ಬಸ್ ಸ್ಟ್ಯಾಂಡಿನಲ್ಲಿ ನಿಂತರೆ ಅರ್ಧ ಬೆಂಗಳೂರೇ ಬಂದು ಇಳಿಯುತ್ತದೆ. ಬೆನ್ನಿಗೆ ಬ್ಯಾಗು, ಕಣ್ಣಲ್ಲಿ ನಿದ್ದೆ, ಕೈಯಲ್ಲಿ ಮೊಬೈಲು. ಕೆಲವರು ಜೋಗಕ್ಕೆ, ಕೆಲವರು ಕೊಡಚಾದ್ರಿಗೆ, ಇನ್ನು ಕೆಲವರು ಸಿಗಂದೂರಿಗೆ. 2025ರ ಜುಲೈನಲ್ಲಿ ಶರಾವತಿ ಹಿನ್ನೀರಿನ ಮೇಲೆ ಸೇತುವೆ ಆದ ಮೇಲೆ ಲಾಂಚಿಗೆ ಕಾಯುವ ಕೆಲಸವೂ ತಪ್ಪಿತು. ಇವರ ಜೊತೆಗೇ ನಮ್ಮೂರಿನ ಮಕ್ಕಳೂ ಇಳಿಯುತ್ತಾರೆ. ಅಲ್ಲಿ ಕೆಲಸ, ಇಲ್ಲಿ ಅಪ್ಪ ಅಮ್ಮ. ಭಾನುವಾರ ರಾತ್ರಿ ಇಷ್ಟೂ ಜನ ಮತ್ತೆ ಬಸ್ ಹತ್ತಿ ವಾಪಸ್ ಹೋಗುತ್ತಾರೆ.

ಹಾಗಾಗಿ ಶುಕ್ರವಾರ ಬೆಂಗಳೂರಿನಿಂದ ಈ ಕಡೆಗೆ, ಭಾನುವಾರ ಈ ಕಡೆಯಿಂದ ಬೆಂಗಳೂರಿಗೆ ಸೀಟು ಸಿಗುವುದು ಕಷ್ಟ. ಖಾಸಗಿ ಬಸ್ಸಿನವರು ಆ ಎರಡು ರಾತ್ರಿ ಹೇಳುವ ರೇಟು ಕೇಳಿದರೆ ತಲೆ ತಿರುಗುತ್ತದೆ. ಆದರೆ ಅದೇ ಶುಕ್ರವಾರ ರಾತ್ರಿ, ಅದೇ ರಸ್ತೆಯಲ್ಲಿ, ಎದುರು ದಿಕ್ಕಿಗೆ ಹೋಗುವ ಬಸ್ಸುಗಳ ಕಥೆ ಬೇರೆ. ಕಿಟಕಿ ಪಕ್ಕದ ಸೀಟು ಬೇಕಾ, ತಗೊಳ್ಳಿ. ಭಾನುವಾರ ರಾತ್ರಿ ಬೆಂಗಳೂರಿನಿಂದ ವಾಪಸ್ ಬರುವಾಗಲೂ ಹಾಗೆಯೇ.

ನಮಗೆ, ಅಂದರೆ ಮಲೆನಾಡಿನಲ್ಲೇ ಉಳಿದವರಿಗೆ, ಈ ಉಲ್ಟಾ ಲೆಕ್ಕ ದೊಡ್ಡ ಅನುಕೂಲ. ಪೇಟೆಯವರು ನಮ್ಮೂರಿಗೆ ಬರಬೇಕಾದರೆ ಮೊದಲೇ ಹೋಂಸ್ಟೇ, ಬಸ್ಸು ಎಲ್ಲ ಬುಕ್ ಮಾಡಿಕೊಳ್ಳಬೇಕು. ನಾವು ಬುಧವಾರ ರಾತ್ರಿ ಊಟಕ್ಕೆ ಕೂತಾಗ ಯೋಚನೆ ಮಾಡಿ, ಶುಕ್ರವಾರ ರಾತ್ರಿ ಹೊರಟುಬಿಡಬಹುದು. ನಾನೂ ನನ್ನ ವಾರಗಿತ್ತಿಯೂ ಈ ಸಲ ಮಾಡಿದ್ದು ಅದನ್ನೇ.

ಟಿಕೆಟ್ಟಿನ ವಿಷಯ ಆಮೇಲೆ. ಅದಕ್ಕಿಂತ ದೊಡ್ಡ ಅಡ್ಡಿ ಬೇರೆ ಇದೆ.

"ಬೆಂಗಳೂರಿಗೆ ಹೋಗ್ತಾ ಇದೀವಿ" ಅಂದ ತಕ್ಷಣ ಎಲ್ಲರ ಬಾಯಲ್ಲಿ ಒಂದೇ ಪ್ರಶ್ನೆ. "ಎಂತಕ್ಕೆ?" ಹಾಲು ಹಾಕಲು ಹೋದಲ್ಲಿ, ಸೊಸೈಟಿಯಲ್ಲಿ, ಪಕ್ಕದ ಮನೆಯ ಕಟ್ಟೆಯ ಮೇಲೆ, ಎಲ್ಲ ಕಡೆ ಇದೇ. ನಮ್ಮ ಕಡೆಯವರು ಬೆಂಗಳೂರಿಗೆ ಹೋಗಲು ಒಪ್ಪಿತವಾದ ಕಾರಣಗಳಿವೆ. ಮದುವೆ, ಮುಂಜಿ, ಗೃಹಪ್ರವೇಶ. ದೊಡ್ಡ ಆಸ್ಪತ್ರೆ. ಮಗನ ಇಂಟರ್ವ್ಯೂ, ಮಗಳ ಹಾಸ್ಟೆಲ್. ಸೊಸೆಯ ಬಾಣಂತನ. ಇದರಲ್ಲಿ ಯಾವುದೂ ಇಲ್ಲದೆ ಸುಮ್ನೆ ಹೋಗುತ್ತೇವೆ ಅಂದರೆ ಜನ ನಂಬುವುದಿಲ್ಲ. ಒಬ್ಬರು ಮೆಲ್ಲಗೆ ಹತ್ತಿರ ಬಂದು "ಯಾವ ಡಾಕ್ಟರ್ ಹತ್ರ ತೋರ್ಸಕ್ಕೆ?" ಎಂದು ಕೇಳಿದರು. ಇಬ್ಬರಿಗೂ ಆರೋಗ್ಯವಾಗಿದೆ, ಊರು ನೋಡಿಕೊಂಡು ಬರುತ್ತೇವೆ ಅಂದರೆ ಅವರ ಮುಖದಲ್ಲಿ ಅನುಮಾನ ಇನ್ನೂ ಜಾಸ್ತಿಯಾಯಿತು.

ಮನೆಯಲ್ಲಿ ಅಷ್ಟು ಕಷ್ಟವಾಗಲಿಲ್ಲ. "ಎರಡು ದಿನ ಅನ್ನ ಬೇಯಿಸ್ಕೊಳ್ಳಕ್ಕೆ ನಮಗೆ ಬರಲ್ವಾ, ಹೋಗಿ ಬನ್ನಿ" ಎಂದು ಅತ್ತೆಯೇ ಹೇಳಿದರು. ಕೊಟ್ಟಿಗೆಯ ಕೆಲಸ ನಮ್ಮನೆಯವರು ಒಪ್ಪಿಕೊಂಡರು. ನಮ್ಮಂಥ ತೋಟದ ಮನೆಯಲ್ಲಿ ದಿನ ಆರಿಸುವುದೇ ಮುಖ್ಯ. ಮಳೆಗಾಲದಲ್ಲಿ ಅಡಿಕೆಯ ಕೊಳೆ ರೋಗಕ್ಕೆ ಔಷಧಿ ಹೊಡೆಯುವ ಗಡಿಬಿಡಿ. ಅಡಿಕೆ ಕೊನೆಯ ಕೊಯ್ಲು ಶುರುವಾದರೆ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡ ಯಾವತ್ತು ಬರುತ್ತಾನೋ ಅವತ್ತೇ ಹಬ್ಬ. ಆಮೇಲೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಅಂಗಳದಲ್ಲಿ ಅಡಿಕೆ ಹರವಿದ ಮೇಲೆ ಮನೆ ಬಿಟ್ಟು ಹೋಗುವ ಮಾತೇ ಇಲ್ಲ. ಮಳೆ ಕಡಿಮೆಯಾಗಿ ಕೊಯ್ಲು ಇನ್ನೂ ಶುರುವಾಗದ ಸಣ್ಣ ಸಂದು ಒಂದು ಸಿಗುತ್ತದೆ. ಅದು ಯಾವ ವಾರ ಎಂದು ತಿಂಗಳ ಮುಂಚೆ ಗೊತ್ತಾಗುವುದಿಲ್ಲ. ಕೊನೆ ಗಳಿಗೆಯ ಪ್ರವಾಸ ಪೇಟೆಯವರಿಗೆ ಶೋಕಿ ಇರಬಹುದು. ನಮಗೆ ಅದೊಂದೇ ದಾರಿ.

ಈಗ ಟಿಕೆಟ್ಟು. ಶಿವಮೊಗ್ಗದಿಂದ ಬೆಂಗಳೂರಿಗೆ ಹತ್ತಿರ ಹತ್ತಿರ 300 ಕಿಲೋಮೀಟರ್. ಸಾಗರದವರಿಗೆ ಅದರ ಮೇಲೆ ಇನ್ನೊಂದು 70. ಶಿವಮೊಗ್ಗ ಪೇಟೆಯಲ್ಲಿರುವವರಿಗೆ ಜನಶತಾಬ್ದಿ ಚೆನ್ನ. ನಸುಕಿನಲ್ಲಿ ಹೊರಟರೆ ಬೆಳಗಿನ ಹೊತ್ತಿಗೇ ಬೆಂಗಳೂರು. ಸಾಗರದಿಂದ ಅದನ್ನು ಹಿಡಿಯಬೇಕಾದರೆ ರಾತ್ರಿಯೆಲ್ಲ ನಿದ್ದೆಗೆಡಬೇಕು, ಹಾಗಾಗಿ ನಮಗೆ ಅದು ಆಗಿಬರುವುದಿಲ್ಲ. ನಮಗಿರುವುದು ತಾಳಗುಪ್ಪದಿಂದ ಮೈಸೂರಿಗೆ ಹೋಗುವ ರಾತ್ರಿ ರೈಲು. ಊಟ ಮಾಡಿ ಹತ್ತಿ ಮಲಗಿದರೆ ಬೆಳಗಾಗುವ ಮುಂಚೆ ಬೆಂಗಳೂರು.

ಎರಡು ದಿನ ಮುಂಚೆ ನೋಡಿದರೆ ಸ್ಲೀಪರಿನಲ್ಲಿ ವೇಟಿಂಗ್ ಲಿಸ್ಟ್ ಇರುವುದೂ ಉಂಟು. ಆಗ ಕೊನೆ ಗಳಿಗೆಯವರಿಗೆಂದೇ ಇರುವ ತತ್ಕಾಲ್. ರೈಲು ಹೊರಡುವ ಹಿಂದಿನ ದಿನ ಎಸಿಗೆ ಬೆಳಿಗ್ಗೆ 10 ಗಂಟೆಗೆ, ಸ್ಲೀಪರಿಗೆ 11 ಗಂಟೆಗೆ ಬುಕಿಂಗ್ ತೆರೆಯುತ್ತದೆ. 2025ರ ಜುಲೈಯಿಂದ ಆನ್‌ಲೈನಿನಲ್ಲಿ ತತ್ಕಾಲ್ ಮಾಡಲು ರೈಲ್ವೆ ಬುಕಿಂಗ್ ಖಾತೆಗೆ ಆಧಾರ್ ಜೋಡಿಸಿರಬೇಕು. ಅದನ್ನು ಬುಕಿಂಗ್ ದಿನ ಮಾಡಲು ಕೂತರೆ ಆಗುವುದಿಲ್ಲ, ಮೊದಲೇ ಮಾಡಿಟ್ಟುಕೊಳ್ಳಿ. ಕನ್ಫರ್ಮ್ ಆದ ತತ್ಕಾಲ್ ಟಿಕೆಟ್ ಕ್ಯಾನ್ಸಲ್ ಮಾಡಿದರೆ ದುಡ್ಡು ಬರುವುದಿಲ್ಲ ಎನ್ನುವುದೂ ನೆನಪಿರಲಿ. ನಮ್ಮನೆ ಹತ್ತಿರ ನೆಟ್‌ವರ್ಕ್ ಸಿಗುವುದು ಬೇಲಿಯ ಬಾಗಿಲು, ಅಂದರೆ ದಣಪೆಯ ಪಕ್ಕದಲ್ಲಿ ಮಾತ್ರ. ಹನ್ನೊಂದು ಗಂಟೆಗೆ ವಾರಗಿತ್ತಿ ಕೊಡೆ ಹಿಡಿದು ನಿಂತಳು, ನಾನು ಮೊಬೈಲ್ ಹಿಡಿದು ನಿಂತೆ. ಸೀಟು ಸಿಕ್ಕಿತು. ಸಿಗದಿದ್ದರೆ ಇನ್ನೂ ಒಂದು ದಾರಿ ಇದೆ. ಚಾರ್ಟ್ ತಯಾರಾದ ಮೇಲೆ ಉಳಿದ ಸೀಟುಗಳನ್ನು ಕರೆಂಟ್ ಬುಕಿಂಗಿನಲ್ಲಿ ಕೊಡುತ್ತಾರೆ. ಎದುರು ದಿಕ್ಕಿನವರಿಗೆ ಅಲ್ಲಿ ಅದೃಷ್ಟ ಜಾಸ್ತಿ.

ಬಸ್ಸಿನ ಲೆಕ್ಕ ಹೆಂಗಸರಿಗೆ 2023ರ ಜೂನ್ 11ರಿಂದ ಬದಲಾಗಿದೆ. ಶಕ್ತಿ ಯೋಜನೆಯಲ್ಲಿ ಸಾರಿಗೆ ಸಂಸ್ಥೆಯ ಸಾಮಾನ್ಯ ಮತ್ತು ಎಕ್ಸ್‌ಪ್ರೆಸ್ ಬಸ್ಸಿಗೆ ಟಿಕೆಟ್ ದುಡ್ಡಿಲ್ಲ. ಕರ್ನಾಟಕದ ವಿಳಾಸ ಇರುವ ಆಧಾರ್ ತೋರಿಸಿದರೆ ಸಾಕು. ರಾಜಹಂಸ, ಐರಾವತ, ಪಲ್ಲಕ್ಕಿ ಇವಕ್ಕೆಲ್ಲ ಅದು ನಡೆಯುವುದಿಲ್ಲ. ರಾತ್ರಿಯಿಡೀ ಕೆಂಪು ಬಸ್ಸಿನಲ್ಲಿ ಕೂತು ಹೋದರೆ ಸೊಂಟ ಹಿಡಿಯುತ್ತದೆ, ಸುಳ್ಳೇಕೆ ಹೇಳಲಿ. ಆದರೆ "ಸುಮ್ನೆ ತಿರುಗಕ್ಕೆ ಬಸ್ ಚಾರ್ಜ್ ದಂಡ" ಎನ್ನುವ ಮಾತು ಮನೆಗಳಲ್ಲಿ ನಿಂತುಹೋಗಿದ್ದು ಇದರಿಂದಲೇ. ಇದಕ್ಕೆ ಬೈಯುವವರು ನಮ್ಮೂರಲ್ಲೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಸ್ವಂತ ಕಾರಿರುವ ಗಂಡಸರು ಎನ್ನುವುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ವಿಮಾನವೂ ಇದೆ. ಶಿವಮೊಗ್ಗ ಹತ್ತಿರದ ಸೋಗಾನೆಯಲ್ಲಿ ವಿಮಾನ ನಿಲ್ದಾಣ 2023ರ ಫೆಬ್ರವರಿ 27ರಂದು ಉದ್ಘಾಟನೆಯಾಗಿ, ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲ ವಿಮಾನ ಬಂತು. ಆದರೆ ದೇವನಹಳ್ಳಿಯಲ್ಲಿ ಇಳಿದು ಊರೊಳಗೆ ಬರುವಷ್ಟರಲ್ಲಿ ವಿಮಾನದಲ್ಲಿ ಉಳಿಸಿದ ಹೊತ್ತು ಟ್ರಾಫಿಕ್ಕಿಗೆ ಹೋಗುತ್ತದೆ. ವಾರಾಂತ್ಯಕ್ಕೆ ಅದು ಬೇಡ. ಕಾರಂತೂ ಬೇಡವೇ ಬೇಡ. ಬೆಂಗಳೂರಿನಲ್ಲಿ ಕಾರು ನಿಲ್ಲಿಸಲು ಜಾಗ ಹುಡುಕುವುದಕ್ಕೇ ಒಂದು ಶನಿವಾರ ಬೇಕು.

ಸರಿ, ಹೋಗಿ ಇಳಿದೆವು ಅಂದುಕೊಳ್ಳಿ. ಎಲ್ಲಿ ಉಳಿಯುವುದು?

ಮಲೆನಾಡಿನವರಿಗೆ ಬೆಂಗಳೂರಿನಲ್ಲಿ ಜಾಗದ ಕೊರತೆ ಇಲ್ಲ, ಜಾಗ ಜಾಸ್ತಿಯಾಗಿರುವುದೇ ತೊಂದರೆ. ಪ್ರತಿ ಬಡಾವಣೆಯಲ್ಲೂ ಒಬ್ಬ ಚಿಕ್ಕಪ್ಪ, ಒಬ್ಬಳು ಅತ್ತಿಗೆ, ಒಬ್ಬ ಭಾವ. ಒಬ್ಬರ ಮನೆಗೆ ಹೋಗಿ ಇನ್ನೊಬ್ಬರ ಮನೆಗೆ ಹೋಗದಿದ್ದರೆ ಅದು ಮುಂದಿನ ಮದುವೆಮನೆಯವರೆಗೂ ಮಾತಾಗಿ ಉಳಿಯುತ್ತದೆ. "ಬೆಂಗಳೂರಿಗೆ ಬಂದಿದ್ರಂತೆ" ಎನ್ನುವ ಆ ಒಂದು ವಾಕ್ಯ ಸಾಕು. ಎಲ್ಲರ ಮನೆಗೂ ಹೋದರೆ? ವಿಜಯನಗರದಲ್ಲಿ ತಿಂಡಿ, ಆರ್.ಟಿ. ನಗರದಲ್ಲಿ ಊಟ, ಸಂಜೆ ವೈಟ್‌ಫೀಲ್ಡಿನಲ್ಲಿ ಕಾಫಿ. ಎರಡು ದಿನವೂ ಆಟೋದಲ್ಲಿ ಕಳೆದು, ಮೂರು ಮನೆಯ ಸೋಫಾ ನೋಡಿ, ನಮ್ಮೂರಿನದೇ ಸುದ್ದಿ ನಾವೇ ಅವರಿಗೆ ಹೇಳಿ ವಾಪಸ್ ಬರುವುದು. ನಮ್ಮ ಹಿರಿಯರ ಬೆಂಗಳೂರು ಪ್ರವಾಸ ಎಲ್ಲ ಇದೇ ಆಗಿತ್ತು.

ನಾನು ಈ ಸಲ ಗಟ್ಟಿ ಮನಸ್ಸು ಮಾಡಿದೆ. ಒಂದೇ ಮನೆ. ಅದೂ ಬನಶಂಕರಿಯಲ್ಲಿರುವ ಚಿಕ್ಕಮ್ಮನ ಮಗಳ ಮನೆ. ಅವಳು ಫೋನಿನಲ್ಲೇ ಹೇಳಿಬಿಟ್ಟಳು, "ಬಂದ್ರೆ ಬನ್ನಿ ಅಕ್ಕ, ಚಾಪೆ ಹಾಸಿರ್ತೀನಿ, ಅಡುಗೆ ಮಾತ್ರ ಮಾಡಲ್ಲ." ಇದಕ್ಕಿಂತ ಒಳ್ಳೆಯ ಆತಿಥ್ಯ ನನಗೆ ಗೊತ್ತಿಲ್ಲ. ಉಪಚಾರ ಜಾಸ್ತಿಯಾದ ಮನೆಯಿಂದ ಹತ್ತು ಗಂಟೆಯೊಳಗೆ ಹೊರಬೀಳಲು ಸಾಧ್ಯವೇ ಇಲ್ಲ.

ನೆಂಟರು ಬೇಡ ಅನ್ನುವವರು ಲಾಡ್ಜಿಗೆ ಫೋನ್ ಮಾಡುವಾಗ ಒಂದು ವಿಷಯ ಕೇಳಿಕೊಳ್ಳಿ. ನಾವು ಊರಿನಿಂದ ಹೋಗಿ ಇಳಿಯುವುದು ನಸುಕಿನಲ್ಲಿ. ಹೋಟೆಲುಗಳಲ್ಲಿ ರೂಮು ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 12ರ ಮೇಲೆ. ಬೇಗ ಬೇಕೆಂದರೆ ಕೆಲವರು ಒಂದು ದಿನದ ಬಾಡಿಗೆ ಜಾಸ್ತಿ ಕೇಳುತ್ತಾರೆ. ಮೆಜೆಸ್ಟಿಕ್ ಸುತ್ತಮುತ್ತ ಹಳೆಯ ಪದ್ಧತಿಯಂತೆ 24 ಗಂಟೆಯ ಲೆಕ್ಕದಲ್ಲಿ ಕೊಡುವ ಲಾಡ್ಜುಗಳು ಇವೆ. ರೂಮು ಹಿಡಿದ ಹೊತ್ತಿನಿಂದ ಮರುದಿನ ಅದೇ ಹೊತ್ತಿನವರೆಗೆ. ಕೊನೆಯ ದಿನ ಸಾಮಾನು ಇಡಲು ರೈಲ್ವೆ ಸ್ಟೇಷನ್ನಿನ ಕ್ಲೋಕ್ ರೂಮ್ ಸಾಕು, ಆದರೆ ಬ್ಯಾಗಿಗೆ ಬೀಗ ಹಾಕಿರಬೇಕು.

ಸಾಮಾನು ಅಂದರೆ ನೆನಪಾಯಿತು. ಹೊರಡುವ ಸುದ್ದಿ ಹಬ್ಬುವವರೆಗೆ ನಮ್ಮ ಬ್ಯಾಗು ಸಣ್ಣದೇ ಇತ್ತು. ಆಮೇಲೆ ಅಪ್ಪೆಮಿಡಿ ಉಪ್ಪಿನಕಾಯಿ ಬಾಟಲಿ ಬಂತು. ಹಲಸಿನ ಹಪ್ಪಳದ ಕಟ್ಟು ಬಂತು. ಕಾಗದದಷ್ಟು ತೆಳ್ಳಗಿನ ಸಿಹಿ ತಿಂಡಿ ತೊಡೆದೇವು, ಅದು ಪುಡಿಯಾಗಬಾರದು, ಮೇಲೆ ಇಡಬೇಕು. ಬರುವಾಗ ತರಬೇಕಾದ ಪಟ್ಟಿ ಬೇರೆ. ಮಿಕ್ಸಿ ಜಾರಿನ ವಾಶರ್, ಒಂದು ಸೀರೆಗೆ ಮ್ಯಾಚಿಂಗ್ ಬ್ಲೌಸ್ ಪೀಸು, ಸಾಗರದಲ್ಲಿ ಸಿಗದ ಯಾವುದೋ ಮಾತ್ರೆ. ಕಾರಣವಿಲ್ಲದೆ ಹೊರಟವರಿಗೆ ಊರೇ ಕಾರಣ ಹುಡುಕಿ ಕೊಟ್ಟಿತು. ಮಾತ್ರೆ ಒಂದಕ್ಕೆ ಹೂಂ ಅಂದೆ, ಉಳಿದದ್ದಕ್ಕೆ ನಕ್ಕು ಸುಮ್ಮನಾದೆ.

ಕೊನೆ ಗಳಿಗೆಯಲ್ಲಿ ಹೊರಡುವವರಿಗೆ ನಾನು ಹೇಳುವುದು ಒಂದೇ. ಬೆಂಗಳೂರು ನೋಡಬೇಕು ಎನ್ನುವ ಆಸೆ ಬಿಡಿ, ಅದರ ಒಂದು ಗೆರೆ ನೋಡಿ. ನಮ್ಮ ಕಡೆಯವರಿಗೆ ಆ ಗೆರೆಯನ್ನು ಮೆಟ್ರೋದವರೇ ಎಳೆದುಕೊಟ್ಟಿದ್ದಾರೆ. ಗ್ರೀನ್ ಲೈನ್, ಅಂದರೆ ಹಸಿರು ಮಾರ್ಗ. 2024ರ ನವೆಂಬರಿನಿಂದ ಅದು ತುಮಕೂರು ರಸ್ತೆಯ ಮಾದಾವರದಿಂದಲೇ ಶುರುವಾಗುತ್ತದೆ. ನಮ್ಮ ಬಸ್ಸುಗಳು ಬರುವುದೂ ಅದೇ ತುಮಕೂರು ರಸ್ತೆಯಲ್ಲಿ. ಮೆಜೆಸ್ಟಿಕ್‌ವರೆಗೆ ಬಸ್ಸಿನಲ್ಲೇ ತೂಕಡಿಸುತ್ತಾ ಕೂರುವ ಅಗತ್ಯ ಇಲ್ಲ. ಜಾಲಹಳ್ಳಿ ಕ್ರಾಸಿನಲ್ಲೋ ಗೊರಗುಂಟೆಪಾಳ್ಯದಲ್ಲೋ ಇಳಿದು ಮೆಟ್ರೋ ಹತ್ತಬಹುದು. ರೈಲಿನಲ್ಲಿ ಬಂದವರು ಯಶವಂತಪುರದಲ್ಲಿ ಇಳಿದರೆ ಮೆಟ್ರೋ ಪಕ್ಕದಲ್ಲೇ. 2025ರ ಫೆಬ್ರವರಿಯಲ್ಲಿ ದರ ಏರಿಸಿದ್ದಕ್ಕೆ ಬೆಂಗಳೂರಿನವರು ತುಂಬ ಸಿಟ್ಟಾಗಿದ್ದರು, ದಿನಾ ಓಡಾಡುವವರ ಸಿಟ್ಟು ನ್ಯಾಯವೇ. ಅಪರೂಪಕ್ಕೆ ಹೋಗುವವರಿಗೆ ಆಟೋದ ಮುಂದೆ ಅದು ಏನೂ ಅಲ್ಲ.

ಈ ಮಾರ್ಗದಲ್ಲಿ ಮಹಾಕವಿ ಕುವೆಂಪು ರಸ್ತೆ ಎಂದೇ ಒಂದು ಸ್ಟೇಷನ್ ಇದೆ. ನಮ್ಮ ಶಿವಮೊಗ್ಗದ ವಿಮಾನ ನಿಲ್ದಾಣಕ್ಕೂ ಕುವೆಂಪು ಹೆಸರು. ಮೆಟ್ರೋದಲ್ಲಿ ಆ ಹೆಸರು ಕೂಗಿದಾಗ ವಾರಗಿತ್ತಿ ಥಟ್ಟನೆ ತಲೆ ಎತ್ತಿದಳು. ಕುವೆಂಪು ಅವರದೇ ತಾಲ್ಲೂಕು ತೀರ್ಥಹಳ್ಳಿ ಅವಳ ತವರು.

ಇಡೀ ಎರಡು ದಿನ ನಾವು ಈ ಮಾರ್ಗ ಬಿಟ್ಟು ಬಹಳ ದೂರ ಹೋಗಲಿಲ್ಲ. ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಇಳಿದರೆ ಮಲ್ಲೇಶ್ವರ. ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್ ಇದೇ ಸಾಲಿನಲ್ಲಿವೆ. ಚಿಕ್ಕಪೇಟೆಗೆ ಹೋಗುವುದಾದರೆ ಶನಿವಾರವೇ ಹೋಗಬೇಕು, ಭಾನುವಾರ ಬಹಳ ಅಂಗಡಿಗಳ ಬಾಗಿಲು ತೆಗೆದಿರುವುದಿಲ್ಲ. ನ್ಯಾಷನಲ್ ಕಾಲೇಜು ಸ್ಟೇಷನ್ನಿನಿಂದ ಬಸವನಗುಡಿ, ಗಾಂಧಿ ಬಜಾರು. ವಿದ್ಯಾರ್ಥಿ ಭವನ ಅಲ್ಲೇ, 1943ರಿಂದ ಇದೆ. ಶನಿವಾರ, ಭಾನುವಾರ ಕ್ಯೂ ಎಷ್ಟಿರುತ್ತದೆ ಅಂದರೆ ಹಸಿವೇ ಹೋಗಿಬಿಡುತ್ತದೆ. ದೋಸೆ ದಪ್ಪ, ಗರಿಗರಿ, ತುಪ್ಪ ಧಾರಾಳ. ಮನೆಯಲ್ಲಿ ತೆಳ್ಳೇವು, ಅಂದರೆ ತೆಳು ದೋಸೆ ತಿಂದು ಬೆಳೆದವರಿಗೆ ಒಂದು ದೋಸೆಯೇ ಒಂದು ಊಟ. ಚೆನ್ನಾಗಿದೆ. ಅಷ್ಟು ಹೊತ್ತು ಕಾಯುವಷ್ಟು ಚೆನ್ನಾಗಿದೆಯಾ ಎಂದು ಕೇಳಿದರೆ, ನಾನಾದರೆ ಪಕ್ಕದ ಯಾವುದಾದರೂ ದರ್ಶಿನಿಯಲ್ಲಿ ನಿಂತು ಇಡ್ಲಿ ತಿಂದು, ಉಳಿದ ಹೊತ್ತನ್ನು ಗಾಂಧಿ ಬಜಾರಿನ ಪುಸ್ತಕದ ಅಂಗಡಿಯಲ್ಲಿ ಕಳೆಯುತ್ತೇನೆ.

ಲಾಲ್‌ಬಾಗಿಗೆ ಹೋಗೋಣ ಅಂದಾಗ ವಾರಗಿತ್ತಿ ನಕ್ಕಳು. "ಅಕ್ಕ, ಕಾಡಿಂದ ಬಂದು ದುಡ್ಡು ಕೊಟ್ಟು ಮರ ನೋಡೋದಾ?" ಮಾತು ಸರಿ ಅನಿಸುತ್ತದೆ. ಆದರೆ ಒಳಗೆ ಹೋದ ಮೇಲೆ ಹೆಚ್ಚು ಹೊತ್ತು ನಿಂತವಳು ಅವಳೇ. ನಮ್ಮ ಕಾಡಿನ ಮರಗಳು ಅಲ್ಲೇ ಹುಟ್ಟಿದವು. ಇಲ್ಲಿರುವವು ಹೆಚ್ಚಿನವು ದೂರದಿಂದ ಬಂದವು. 1760ರಲ್ಲಿ ಹೈದರಾಲಿ ಶುರು ಮಾಡಿದ ತೋಟ, 240 ಎಕರೆ. ಗಾಜಿನ ಮನೆ 1889ರದ್ದು. ಇಪ್ಪತ್ತನೇ ಶತಮಾನದ ಮೊದಲ ಭಾಗದಲ್ಲಿ ಇದನ್ನು ನೋಡಿಕೊಂಡ ಜರ್ಮನಿಯ ಕ್ರುಂಬಿಗಲ್, ವರ್ಷದುದ್ದಕ್ಕೂ ಒಂದಾದ ಮೇಲೊಂದು ಹೂ ಬಿಡುವ ಹಾಗೆ ಊರಿನ ಬೀದಿಗಳಿಗೆ ಮರ ಆರಿಸಿದ್ದರಂತೆ. ಯಾವ ಗಿಡ ಎಲ್ಲಿ ಇಡಬೇಕು ಎಂದು ದಿನವೂ ತಲೆ ಕೆಡಿಸಿಕೊಳ್ಳುವ ತೋಟದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ನಡುವಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಮೇಲೆ ಕೆಂಪೇಗೌಡರ ಗೋಪುರ. ಆ ಬಂಡೆಯ ಮೇಲೆ ನಮ್ಮ ಹಾಗೇ ಯಾವ ಕೆಲಸವೂ ಇಲ್ಲದ ಜನ ಕೂತಿದ್ದರು. ಬೆಂಗಳೂರಿನಲ್ಲಿ ಸುಮ್ನೆ ಕೂತವರನ್ನು ನಾನು ಅಷ್ಟು ಒಟ್ಟಿಗೆ ನೋಡಿದ್ದು ಅಲ್ಲಿಯೇ.

ಶನಿವಾರ ಸಂಜೆಗೆ ನಾಟಕ. ನಿಜವಾಗಿ ಇಡೀ ಪ್ರವಾಸಕ್ಕೆ ನಾನು ಮೊದಲೇ ಗೊತ್ತು ಮಾಡಿಕೊಂಡಿದ್ದು ಇದೊಂದನ್ನೇ. ಜೆ.ಪಿ. ನಗರದ ರಂಗಶಂಕರ. ಶಂಕರ್‌ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಕಟ್ಟಿ ನಿಲ್ಲಿಸಿದ್ದು, 2004ರಿಂದ ನಡೆಯುತ್ತಿದೆ. ಸೋಮವಾರ ಬಿಟ್ಟು ದಿನವೂ ನಾಟಕ ಎನ್ನುವುದು ಅದರ ರೂಢಿ. ಸಂಜೆ 7:30 ಅಂದರೆ 7:30. ತಡವಾಗಿ ಬಂದವರನ್ನು ಒಳಗೆ ಬಿಡುವುದಿಲ್ಲ, ಅವರು ಯಾರೇ ಆಗಿರಲಿ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಇಂಥ ನಿಯಮ ಇಟ್ಟುಕೊಂಡು ಇಷ್ಟು ವರ್ಷ ನಡೆಸುವುದಕ್ಕೆ ಧೈರ್ಯ ಬೇಕು. ಮೆಟ್ರೋ ಇಳಿದ ಮೇಲೆ ಆಟೋ ಹಿಡಿಯಬೇಕು, ಹಾಗಾಗಿ ನಾವು ಸಾಕಷ್ಟು ಮೊದಲೇ ಹೋಗಿ ಕೆಳಗಿನ ಕೆಫೆಯಲ್ಲಿ ಕೂತೆವು.

ಇದಕ್ಕೆ ನಮ್ಮನೆಯವರು ಆಡಿದ ಮಾತು ಕೇಳಬೇಕು. "ಹೆಗ್ಗೋಡು ಇಲ್ಲೇ ಇದೆ. ನಾಟಕ ಮನೆ ಬಾಗಿಲಿಗೆ ಬರ್ತದೆ. ಅದನ್ನ ನೋಡಕ್ಕೆ ಬೆಂಗಳೂರಿಗೆ ಹೋಗ್ತೀಯಾ?" ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಹೆಗ್ಗೋಡಿನ ನಾಟಕ ಸಂಸ್ಥೆ ನೀನಾಸಂ ಶುರುವಾಗಿದ್ದು 1949ರಲ್ಲಿ, ಊರೂರು ಸುತ್ತಿ ನಾಟಕ ಆಡುವ ಅದರ ತಿರುಗಾಟ 1985ರಲ್ಲಿ. ಅಡಿಕೆ ತೋಟದ ನಡುವೆ ಕೂತು ಶೇಕ್ಸ್‌ಪಿಯರ್ ನೋಡಿದ ಜನ ನಾವು. ಬೆಂಗಳೂರಿನವರಿಗೆ ನಾಟಕದ ವಿಷಯದಲ್ಲಿ ನಮ್ಮ ಮುಂದೆ ಜಂಬ ಪಡಲು ಏನೂ ಇಲ್ಲ.

ಆದರೆ ಹೆಗ್ಗೋಡಿನಲ್ಲಿ ನಾಟಕ ನೋಡುವಾಗ ನಾನು ಯಾರದೋ ಮನೆಯ ಸೊಸೆ. ಎಡಗಡೆ ಕೂತವರು "ಅತ್ತೆ ಬರಲಿಲ್ವಾ?" ಅನ್ನುತ್ತಾರೆ. ಬಲಗಡೆಯವರಿಗೆ ನಮ್ಮ ತೋಟದಲ್ಲಿ ಕೊಳೆ ಎಷ್ಟು ಬಂದಿದೆ ಎಂದು ಗೊತ್ತಾಗಬೇಕು. ಹಿಂದಿನ ಸಾಲಿನಲ್ಲಿ ರಾಶಿ ಇಡಿ ಅಡಿಕೆಯ ಧಾರಣೆ. ನಾಟಕ ಮುಗಿದ ಮೇಲೆ ಅಭಿಪ್ರಾಯ ಹೇಳುವಾಗಲೂ ಆಡಿದ ಹುಡುಗ ಯಾರ ಮಗ ಎಂದು ನೋಡಿಕೊಂಡು ಹೇಳಬೇಕು. ಇದು ಬೇಡ ಅಂತ ಅಲ್ಲ, ಈ ಬೆಚ್ಚಗಿನ ಗದ್ದಲದಲ್ಲೇ ನಾನು ನಾಟಕ ನೋಡಲು ಕಲಿತದ್ದು. ಜೆ.ಪಿ. ನಗರದಲ್ಲಿ ಮಾತ್ರ ನನ್ನ ಪಕ್ಕ ಕೂತ ಹುಡುಗಿಗೆ ನಾನು ಯಾವ ಊರಿನವಳು ಎಂದು ಕೇಳುವ ಯೋಚನೆಯೇ ಬರಲಿಲ್ಲ. ದೀಪ ಆರಿತು. ನಾಟಕ ಸಾಧಾರಣವಾಗಿತ್ತು. ಎರಡನೇ ಭಾಗ ಎಳೆದರು, ಬೆಳಕು ಮಾತ್ರ ಚೆನ್ನಾಗಿತ್ತು. ಹೊರಗೆ ಬಂದು ಅದನ್ನು ಹಾಗೆಯೇ ಜೋರಾಗಿ ಹೇಳಿದೆ. ಯಾರೂ ತಿರುಗಿ ನೋಡಲಿಲ್ಲ. ಇಂಥ ಸಂಜೆ ಒಂದು ಸಿಕ್ಕರೆ ರಾತ್ರಿ ಪ್ರಯಾಣದ ಸೊಂಟ ನೋವು ಲೆಕ್ಕಕ್ಕಿಲ್ಲ.

ಭಾನುವಾರ ಬೆಳಿಗ್ಗೆ ಬೇಗ ಎದ್ದು ಓಡುವ ಯೋಚನೆ ಇಟ್ಟುಕೊಳ್ಳಬೇಡಿ. ಅವತ್ತು ಮೆಟ್ರೋ ಶುರುವಾಗುವುದೂ ತಡ. ಮೆಜೆಸ್ಟಿಕ್ಕಿನಲ್ಲಿ ನೇರಳೆ ಮಾರ್ಗಕ್ಕೆ ಬದಲಾಯಿಸಿಕೊಂಡು ಕಬ್ಬನ್ ಪಾರ್ಕಿಗೆ ಹೋದೆವು. ಭಾನುವಾರ ಅದರೊಳಗೆ ವಾಹನ ಬಿಡುವುದಿಲ್ಲ. ಬೆಂಗಳೂರಿನ ಅರ್ಧ ಜನ ಆ ಹೊತ್ತಿಗೆ ನಮ್ಮ ಜೋಗದಲ್ಲಿ ಪಾರ್ಕಿಂಗ್ ಹುಡುಕುತ್ತಿದ್ದರೋ ಏನೋ, ಇಲ್ಲಿ ರಸ್ತೆಗಳು ಖಾಲಿ ಇದ್ದವು. ಆಮೇಲೆ ಇನ್ನೇನಾದರೂ ನೋಡಬಹುದಿತ್ತು. ಮ್ಯೂಸಿಯಂ ಹತ್ತಿರವೇ ಇತ್ತು. ನಾವು ಬನಶಂಕರಿಗೆ ವಾಪಸ್ ಹೋಗಿ ಮಧ್ಯಾಹ್ನ ಮಲಗಿದೆವು. ಮನೆಯಲ್ಲಿ ಸಿಗದ ನಿದ್ದೆ ಅದು, ಅದನ್ನೂ ಪ್ರವಾಸದ ಲೆಕ್ಕಕ್ಕೇ ಸೇರಿಸಿದ್ದೇನೆ.

ರಾತ್ರಿ ಬಸ್ಸಿನಲ್ಲಿ ಪೂರ್ತಿ ಸೀಟು ಖಾಲಿ. ಕಾಲು ಚಾಚಿ ಬಂದೆವು. ಎದುರುಗಡೆಯಿಂದ ತುಂಬಿದ ಬಸ್ಸುಗಳು ತುಮಕೂರಿನವರೆಗೂ ಒಂದರ ಹಿಂದೆ ಒಂದು.

ಬೆಂಗಳೂರಿನ ಉಳಿದ ನೆಂಟರ ಮಟ್ಟಿಗೆ ಎಲ್ಲ ಗುಟ್ಟಾಗಿಯೇ ಮುಗಿಯುತ್ತಿತ್ತು. ಮಂಗಳವಾರ ವಾರಗಿತ್ತಿ ಲಾಲ್‌ಬಾಗಿನ ಫೋಟೋ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿದಳು. ಅರ್ಧ ಗಂಟೆಯೊಳಗೆ ರಾಜಾಜಿನಗರದ ದೊಡ್ಡಮ್ಮನ ಫೋನು. "ಎಂತದೇ, ಮೆಟ್ರೋದಲ್ಲಿ ನಮ್ಮನೆ ಮೇಲೇ ಹಾದು ಹೋಗಿದ್ದೀರಲ್ಲೇ?" ಹೌದು, ಹಸಿರು ಮಾರ್ಗದಲ್ಲಿ ರಾಜಾಜಿನಗರವೂ ಒಂದು ಸ್ಟೇಷನ್. ಏನು ಹೇಳುವುದು? ಸುಮ್ಮನೆ ಕೇಳಿಸಿಕೊಂಡೆ. ಉಪ್ಪಿನಕಾಯಿ ಯಾರ ಮನೆಗೆ ಹೋಯಿತು ಎನ್ನುವುದೂ ಅವರಿಗೆ ಆಗಲೇ ತಿಳಿದಿತ್ತು. ಮುಂದಿನ ಸಲ ಶನಿವಾರ ಬೆಳಗಿನ ತಿಂಡಿ ತಮ್ಮ ಮನೆಯಲ್ಲೇ, ಕೊಟ್ಟೆ ಕಡುಬು ಮಾಡಿರುತ್ತೇನೆ, ಬರುವಾಗ ಹಲಸಿನ ಎಲೆ ತನ್ನಿ ಎಂದು ತಾವೇ ತೀರ್ಮಾನ ಮಾಡಿ ಫೋನ್ ಇಟ್ಟರು.